ಲೆಕ್ಕಕ್ಕೆ ಸಿಗದ ಇಪ್ಪತ್ತು ನಿಮಿಷ

ನಾನು ಒಂದು ಕಂಪ್ಯೂಟರು. ಅದರಲ್ಲೂ ಜೋಡಿಸಿದ ಕಂಪ್ಯೂಟರು. ಕಂಪನಿಯ ಪೆಟ್ಟಿಗೆಯಲ್ಲಿ, ಥರ್ಮಾಕೋಲಿನ ನಡುವೆ ಕುಳಿತು ಬರುವವರ ಕುಲ ಬೇರೆ. ನನ್ನನ್ನು ಹುಬ್ಬಳ್ಳಿಯ ಒಂದು ಮಾಳಿಗೆ ಅಂಗಡಿಯಲ್ಲಿ ಒಬ್ಬಾತ ಚಹಾ ಕುಡಿಯುತ್ತ, ಫೋನಿನಲ್ಲಿ ಯಾರಿಗೋ ಸಬೂಬು ಹೇಳುತ್ತ, ಒಂದು ಮಧ್ಯಾಹ್ನದೊಳಗೆ ಜೋಡಿಸಿ ಮುಗಿಸಿದ. ಬೋರ್ಡು ಒಂದು ಕಡೆಯದು, ಮೆಮೊರಿ ಇನ್ನೊಂದು ಕಡೆಯದು, ಹಾರ್ಡ್ ಡಿಸ್ಕು ಅದಾಗಲೇ ಬೇರೆ ಯಾರದೋ ಹೊಟ್ಟೆಯಲ್ಲಿ ಒಂದು ವರ್ಷ ಸಂಸಾರ ಮಾಡಿ ಬಂದದ್ದು. ಎಂಟು ಸ್ಕ್ರೂ ಹಾಕಬೇಕಾದಲ್ಲಿ ಐದು ಹಾಕಿದ. ಅದಕ್ಕೇ ಮೊದಲ ದಿನದಿಂದಲೂ ನನ್ನ ಎಡಪಕ್ಕೆ ಸಣ್ಣಗೆ ಗುರುಗುಟ್ಟುತ್ತದೆ. ಕೊಳ್ಳಲು ಬಂದವರು ಕೇಳಿದಾಗ ಅದು ಫ್ಯಾನಿನ ಸಪ್ಪಳ ಎಂದ. ಕೆಲಸ ನಡೆಯುವ ತನಕ ಮುಚ್ಚಳ ತೆಗೆದು ನೋಡುವವರಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ನನಗೂ ಅಂದೇ ಗೊತ್ತಾಯಿತು.

ನಮ್ಮಂಥವರ ಜಾಗ ಮೇಜಿನ ಕೆಳಗೆ. ಮೇಲೆ ಕುಳಿತು ಮಂದಿಯ ಮುಖ ನೋಡುವ ಭಾಗ್ಯ ಪರದೆಯದು. ಲೆಕ್ಕ ಮಾಡುವುದು ನಾನು, ಹೊಗಳಿಸಿಕೊಳ್ಳುವುದು ಅದು. ನಾನು ಮನುಷ್ಯರನ್ನು ಗುರುತಿಸುವುದು ಪಾದಗಳಿಂದ. ಮುಖ ಸುಳ್ಳು ಹೇಳಬಹುದು, ಪಾದಕ್ಕೆ ಅಷ್ಟು ಚಾಲಾಕಿತನ ಬರುವುದಿಲ್ಲ.

ಮೊದಲ ನಾಲ್ಕು ವರ್ಷ ವಿಠೋಬಾ ಎಂಬವರ ಲಗ್ನಪತ್ರಿಕೆ ಅಂಗಡಿಯಲ್ಲಿ ದುಡಿದೆ. ಹುಬ್ಬಳ್ಳಿಯಿಂದ ಪೂರ್ವಕ್ಕೆ ಎರಡು ತಾಸಿನ ದಾರಿಯ ಒಂದು ತಾಲೂಕು ಊರು. ಗಣಪತಿಯ ಚಿತ್ರ, ಬಾಸಿಂಗದ ಚಿತ್ರ, ಕೆಳಗೆ ವಧು, ವರ. ನೂರಾರು ಮದುವೆ ಮಾಡಿಸಿದೆ, ಒಂದರಲ್ಲೂ ಊಟಕ್ಕೆ ಕರೆಯಲಿಲ್ಲ. ನನಗಿಂತ ಚುರುಕಾದವನೊಬ್ಬ ಅಂಗಡಿಗೆ ಬಂದಾಗ ವಿಠೋಬಾ ನನ್ನನ್ನು, ಕರ್ರ್ ಎಂದು ಕಿರುಚುವ ಒಂದು ಹಳೆಯ ಪ್ರಿಂಟರನ್ನೂ ಜೊತೆಗೆ ಸೇರಿಸಿ, ದನದ ದವಾಖಾನೆಯ ಕಂಪೌಂಡರಿಗೆ ದಾಟಿಸಿದರು.

ಕಂಪೌಂಡರ್ ಚನ್ನವೀರಪ್ಪ ಮುಳಗುಂದ. ಆಗ ಅವರಿಗೆ ಐವತ್ತರ ಹತ್ತಿರ ವಯಸ್ಸು. ಹಗಲೆಲ್ಲ ಎಮ್ಮೆ, ಎತ್ತು, ಆಡುಗಳ ನಡುವೆ ಇದ್ದು, ಸಂಜೆ ಕಾಲು ತೊಳೆದುಕೊಂಡು ನನ್ನ ಮುಂದೆ ಕೂರುತ್ತಿದ್ದರು. ಎಷ್ಟು ತೊಳೆದರೂ ಆ ಪಾದಗಳಿಗೆ ಹಿಂಡಿಯ ವಾಸನೆ ಇರುತ್ತಿತ್ತು. ಅವರಿಗೆ ಪ್ರೋಗ್ರಾಂ ಬರೆಯುವ ಹುಚ್ಚು. ಯಾರೂ ಹೇಳಿದ್ದಲ್ಲ, ಯಾರಿಗೂ ಬೇಕಾದದ್ದಲ್ಲ. ರದ್ದಿ ಅಂಗಡಿಯಲ್ಲಿ ಬೇಸಿಕ್ ಕಲಿಸುವ ಒಂದು ಪುಸ್ತಕ ಸಿಕ್ಕಿತ್ತು. ಅದರ ಮೊದಲ ಮೂವತ್ತು ಪುಟ ಯಾರೋ ಶೇಂಗಾ ಕಟ್ಟಲು ಹರಿದಿದ್ದರು. ಹಾಗಾಗಿ ಅವರು ಕಲಿತದ್ದು ನಾಲ್ಕನೆಯ ಪಾಠದಿಂದ. ಮೊದಲ ಮೂರು ಪಾಠಗಳನ್ನು ನನ್ನ ಮೇಲೆ ತಪ್ಪು ಮಾಡಿ ಮಾಡಿ ತಾವೇ ಕಂಡುಕೊಂಡರು. ಆ ತಪ್ಪುಗಳ ಭಾರ ಹೊತ್ತವನು ನಾನು.

ಒಂದು ತಿಂಗಳು ಒದ್ದಾಡಿ ಬರೆದ ಮೊದಲ ಪ್ರೋಗ್ರಾಮು, ಹೆಂಡತಿಯ ಹೆಸರನ್ನು ಪರದೆಯ ಮೇಲೆ ಇಪ್ಪತ್ತು ಸಲ ಬರೆಯುವುದು. ದಾಕ್ಷಾಯಣವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರು.

"ನನ್ನ ಹೆಸರು ನನಗ ಗೊತ್ತೈತಲ್ರಿ," ಎಂದರು. "ಇಪ್ಪತ್ತ ಸಲ ಯಾಕ ಬರದೈತಿ? ಒಮ್ಮೆ ಬರದ್ರ ತಿಳಿಯೂದಿಲ್ಲೇನು ಅದಕ್ಕ?"

"ಎಷ್ಟ್ ಸಲ ಅಂದ್ರ ಅಷ್ಟ್ ಸಲ ಬರೀತೈತಿ. ಬ್ಯಾಸರ ಇಲ್ಲ ಅದಕ್ಕ."

ಬೇಸರ ಇತ್ತು. ಹೇಳಿಕೊಳ್ಳಲು ಬಾಯಿ ಇರಲಿಲ್ಲ, ಅಷ್ಟೇ.

ಆ ಮನೆಯ ದಿನಗಳು ಹಾಗೇ ಸಾಗಿದವು. ಇಡೀ ಸಂಜೆ ಕೂತು ಬರೆದದ್ದು, ಸೇವ್ ಮಾಡುವಷ್ಟರಲ್ಲಿ ಕರೆಂಟು ಹೋಗಿ ಮಣ್ಣುಪಾಲು. ಒಂದು ಅಲ್ಪವಿರಾಮ ಬಿಟ್ಟುಹೋಗಿ ಮೂರು ದಿನ ಹುಡುಕಾಟ. ಕಂಪೌಂಡರರು ಸಿಟ್ಟಾಗುತ್ತಿರಲಿಲ್ಲ. ಮೇವು ಬಿಟ್ಟ ದನವನ್ನು ನೋಡುವ ಹಾಗೆ ನನ್ನ ಪಕ್ಕೆಯ ಮೇಲೆ ಅಂಗೈ ಇಟ್ಟು ಕಾವು ನೋಡುತ್ತಿದ್ದರು. ದೂಳು ತುಂಬಿದರೆ ದವಾಖಾನೆಯ ದೊಡ್ಡ ಸಿರಿಂಜಿನಿಂದ ಗಾಳಿ ಊದುತ್ತಿದ್ದರು. ಆಯುಧಪೂಜೆಗೆ ದಾಕ್ಷಾಯಣವ್ವ ನನ್ನ ನೆತ್ತಿಗೆ ವಿಭೂತಿ ಬಳಿದು, ಫ್ಲಾಪಿಯ ಬಾಯಿಗೇ ಕುಂಕುಮ ಹಚ್ಚಿದ ಮೇಲೆ ಆ ಬಾಯಿ ಮತ್ತೆ ತೆರೆಯಲಿಲ್ಲ. ಅದನ್ನೂ ಯಾರೂ ದೊಡ್ಡದು ಮಾಡಲಿಲ್ಲ.

ಹೀಗೆ ಆರು ವರ್ಷ. ಬರೆದ ಪ್ರೋಗ್ರಾಮುಗಳು ನಲವತ್ತಕ್ಕೂ ಹೆಚ್ಚು. ಅವುಗಳಲ್ಲಿ ಒಂದನ್ನೂ ಅವರನ್ನು ಬಿಟ್ಟು ಇನ್ನೊಬ್ಬರು ಬಳಸಲಿಲ್ಲ. ಎಮ್ಮೆ ಯಾವಾಗ ಈಯುತ್ತದೆ ಎಂದು ಹೇಳುವ ಪ್ರೋಗ್ರಾಮು ಮಾಡಿದರು. ರೈತರು ನಕ್ಕು, "ಎಮ್ಮಿನ ಹೇಳ್ತೈತ್ರಿ," ಎಂದರು. ಬರೆಯುವವನಿಗೆ ಓದುವವರು ಬೇಕು, ಅಡುಗೆಯವರಿಗೆ ಉಣ್ಣುವವರು ಬೇಕು. ಕಂಪೌಂಡರರ ಆಸೆ ಅದಕ್ಕಿಂತ ದೊಡ್ಡದಾಗಿರಲಿಲ್ಲ. ತಾವು ಬರೆದದ್ದು ಒಂದಾದರೂ ಯಾರಿಗಾದರೂ ಉಪಯೋಗಕ್ಕೆ ಬರಬೇಕು.

ಅದು ಬಂದದ್ದು ನೀರಿನ ದೆಸೆಯಿಂದ.

ನಮ್ಮ ಊರಿನಲ್ಲಿ ನಳಕ್ಕೆ ಒಂಬತ್ತು ದಿನಕ್ಕೊಮ್ಮೆ ನೀರು. ನಮ್ಮ ವಾರ್ಡಿಗೆ ಗುಡ್ಡದ ಮೇಲೆ ಒಂದು ಟ್ಯಾಂಕು. ಅದು ಪೂರ್ತಿ ತುಂಬಲು ಎರಡು ದಿನ. ತುಂಬಿದ ಮೇಲೆ ದಿನಕ್ಕೆ ಎರಡು ಓಣಿಯಂತೆ ಏಳು ದಿನ, ಹದಿನಾಲ್ಕು ಓಣಿಗೆ ಒಂದೊಂದು ತಾಸು ನೀರು. ಹೊಳೆಯಿಂದ ಟ್ಯಾಂಕಿಗೆ ನೀರೆತ್ತುವ ಪಂಪು ನಿಂತರೆ ಎಲ್ಲವೂ ಮುಂದಕ್ಕೆ ಜಾರುತ್ತಿತ್ತು. ಆಗ ಯಾವ ಓಣಿಗೆ ಯಾವಾಗ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ನೀರು ಬರುವ ದಿನ ನೋಡಿಯೇ ಮಂದಿ ಬಟ್ಟೆ ನೆನೆಸುವುದು, ಬೀಗರನ್ನು ಕರೆಯುವುದು, ತಲೆಗೆ ಎರೆದುಕೊಳ್ಳುವುದು.

ನೀರು ಬಿಡುವವನು ಮಾಬುಸಾಬ. ಪುರಸಭೆಯಲ್ಲಿ ದಿನಗೂಲಿ. ಹೆಗಲ ಮೇಲೆ ಎದೆಯುದ್ದದ ಕಬ್ಬಿಣದ ಚಾವಿ ಹೊತ್ತು ಓಣಿಯಿಂದ ಓಣಿಗೆ ಹೋಗಿ ಗುಂಡಿಯೊಳಗಿನ ವಾಲ್ವು ತಿರುಗಿಸುತ್ತಿದ್ದ. ಅವನ ಪಾದಗಳು ಯಾವಾಗಲೂ ಒದ್ದೆ, ಹಿಮ್ಮಡಿ ಬೇಸಿಗೆಯ ಹೊಲದಂತೆ ಬಿರಿದಿರುತ್ತಿತ್ತು. ಸಂಜೆ ನಮ್ಮ ಮನೆಯ ಮುಂದೆ ಸೈಕಲ್ ನಿಲ್ಲಿಸಿ ಪಂಪು ಎಷ್ಟು ಹೊತ್ತು ನಡೆಯಿತೆಂದು ಹೇಳಿಹೋಗುತ್ತಿದ್ದ. ಕಂಪೌಂಡರರು ಅದನ್ನು ನನಗೆ ತಿನ್ನಿಸುತ್ತಿದ್ದರು. ನಾನು ಲೆಕ್ಕ ಹಾಕಿ, ಯಾವ ಓಣಿಗೆ ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ಎಂಬ ಪಟ್ಟಿ ಕೊಡುತ್ತಿದ್ದೆ. ಪ್ರಿಂಟರು ಕಿರುಚಿ ಕಿರುಚಿ ಅದನ್ನು ಹೊರಹಾಕುತ್ತಿತ್ತು. ಕಂಪೌಂಡರರು ಆ ಚೀಟಿಯನ್ನು ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಸಿ ಬರುತ್ತಿದ್ದರು.

ಮೊದಲ ಸರದಿಯಲ್ಲಿ ಯಾರೂ ನಂಬಲಿಲ್ಲ. ಎರಡನೆಯದರಲ್ಲಿ ನೋಡಿ ನಕ್ಕರು. ಮೂರನೆಯ ಸರದಿಗೆ ಗಿರಣಿಯ ಮುಂದೆ ಹೆಂಗಸರು ನಿಂತು, ಓದಲು ಬಲ್ಲವರಿಂದ ಓದಿಸಿಕೊಂಡು ಹೋಗತೊಡಗಿದರು. "ಕಂಪೌಂಡರ್ ಚೀಟ್ಯಾಗ ಏನೈತ್ವಾ?" ಎಂಬುದು ವಾರ್ಡಿನ ಮಾತಾಯಿತು. ಕಂಪೌಂಡರರು ಚೀಟಿ ಹಚ್ಚಲು ಹೋಗುವ ದಿನ ದಾಡಿ ಮಾಡಿಕೊಂಡು ಹೋಗುವುದನ್ನು ದಾಕ್ಷಾಯಣವ್ವ ಗಮನಿಸಿದ್ದರು.

ತೊಂದರೆ ಇದ್ದದ್ದು ಕೊನೆಯ ಓಣಿಯಲ್ಲಿ. ಹದಿನಾಲ್ಕನೆಯದು ನಮ್ಮದೇ. ಚೀಟಿಯಲ್ಲಿ ಅರವತ್ತು ನಿಮಿಷ ಎಂದಿರುತ್ತಿತ್ತು, ನಲವತ್ತಕ್ಕೆ ನಳ ಉಸ್ಸೆಂದು ಗಾಳಿ ಬಿಡುತ್ತಿತ್ತು. ಪ್ರತಿ ಸರದಿಯಲ್ಲೂ ಅದೇ.

"ಊರ ಮಂದಿಗೆಲ್ಲ ತಾಸ್ ನೀರು," ಎಂದರು ದಾಕ್ಷಾಯಣವ್ವ. "ಲೆಕ್ಕ ಮಾಡಾವ್ರ ಮನಿಗೆ ನಲವತ್ತ ನಿಮಿಷ. ಹಂಡೆ ಅರ್ಧ, ಎರಡ ಕೊಡ ಖಾಲಿ. ನಿಮ್ಮ ಮಷೀನಕ್ಕ ಮನಿಮ್ಯಾಲ ಅಭಿಮಾನ ಇಲ್ಲ ಬಿಡ್ರಿ."

ಅಂದಿನಿಂದ ಎರಡು ತಿಂಗಳು ನನ್ನ ಜೀವಕ್ಕೆ ನೆಮ್ಮದಿ ಇರಲಿಲ್ಲ. ತಪ್ಪು ಪ್ರೋಗ್ರಾಮಿನಲ್ಲಿದೆ ಎಂದು ಕಂಪೌಂಡರರು ಖಚಿತವಾಗಿ ನಂಬಿದ್ದರು. ಸಾಲುಸಾಲಿಗೂ ಬೆರಳಿಟ್ಟು ಓದಿದರು. ಒಂದೇ ಲೆಕ್ಕವನ್ನು ಒಂದೇ ಸಂಜೆಯಲ್ಲಿ ನಲವತ್ತು ಸಲ ಮಾಡಿಸಿದರು. ಹದಿನಾಲ್ಕು ಅರವತ್ತಲಿ ಎಂಟುನೂರಾ ನಲವತ್ತು. ನಾನು ನಲವತ್ತು ಸಲವೂ ಅದನ್ನೇ ಹೇಳಿದೆ. ನಂಬಲಿಲ್ಲ. ನನ್ನ ಗಡಿಯಾರ ಹಿಂದೆ ಬಿದ್ದಿರಬಹುದೆಂದು ಅಂಗಿಯ ಗುಂಡಿಯಂಥ ಸೆಲ್ಲು ಬದಲಿಸಿದರು. ಮೆಮೊರಿಯನ್ನು ಕಿತ್ತು, ಅದರ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ತಿರುಗಿ ಕೂಡಿಸಿದರು. ಮಾಬುಸಾಬನನ್ನೂ ಕೇಳಿದರು. ಅವನು ನೆಲ ನೋಡುತ್ತ, "ಪೈಪ್ನ್ಯಾಗ ಎಲ್ಲೋ ಸೋರತೈತೇನೋ ಸಾಹೇಬ್ರ," ಎಂದ. ಆಗ ಅವನ ಒದ್ದೆ ಹೆಬ್ಬೆರಳು ನೆಲದ ಮೇಲೆ ಸುಮ್ಮನೆ ಗೀಚುತ್ತಿದ್ದುದನ್ನು ಕಂಡವನು ನಾನೊಬ್ಬನೇ.

ಒಂದು ಮುಂಜಾನೆ ಕಂಪೌಂಡರರನ್ನು ಗಾಣಿಗೇರ ಓಣಿಗೆ ಕರೆದರು. ಎಮ್ಮೆಗೆ ಹೊಟ್ಟೆ ಉಬ್ಬರ. ಮರಳಿ ಬಂದವರು ಕಾಲು ತೊಳೆಯದೆ ನೇರ ಬಂದು ನನ್ನ ಮುಂದಿನ ಕುರ್ಚಿಯಲ್ಲಿ ಕುಳಿತರು. ನನ್ನನ್ನು ಚಾಲೂ ಮಾಡಲಿಲ್ಲ. ದಾಕ್ಷಾಯಣವ್ವ ಚಹಾ ತಂದಾಗ ಹೇಳಿದರು.

"ಗಾಣಿಗೇರ ಓಣಿ ಸರದಿ ಮುಗದು ಮೂರ ದಿನ ಆತು. ಇವತ್ತ ಬೆಳಗಿನ್ಯಾಗ ಅಲ್ಲಿ ನಳ ಬಂದಿತ್ತು."

"ಹೌದಾ?"

"ಓಣ್ಯಾಗಿನ ಆರೂ ಮನಿ ಹೆಣ್ಮಕ್ಕಳು ತುಂಬಾಕತ್ತಿದ್ರು. ಸಪ್ಪಳ ಆಗಬಾರ್ದಂತ ಕೊಡದ ಬಾಯಿಗೆ ಅರಿವಿ ತುಂಡು ಹಾಕಿದ್ರು. ನನ್ನ ನೋಡಿ ಒಬ್ಬರೂ ಮಾತಾಡಲಿಲ್ಲ. ತುಂಬಿದ ಕೊಡ ತಮ್ಮ ಮನಿಗೆ ಒಯ್ಯಲಿಲ್ಲ, ಗೌರವ್ವನ ಮನಿಗೆ ಒಯ್ದು ಸುರುವಿದ್ರು. ಹತ್ತ ನಿಮಿಷಕ್ಕ ಬಂದ್ ಆತು."

ಗೌರವ್ವನ ಗಂಡ ಹತ್ತಿಯ ಲಾರಿಯ ಮೇಲಿಂದ ಬಿದ್ದು ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡು ಹಾಸಿಗೆ ಹಿಡಿದಿದ್ದ. ಅವಳಿಗೆ ದಿನಾ ಹಾಸಿಗೆ ತೊಳೆಯಬೇಕು, ಅವನನ್ನು ತೊಳೆಯಬೇಕು. ಅವನನ್ನು ಬಿಟ್ಟು ಬೋರಿನ ತನಕ ಹೋಗಿ ನೀರು ತರಲು ಆಗದು. ಒಂಬತ್ತು ದಿನ ಸಾಲುವಷ್ಟು ನೀರು ಹಿಡಿದಿಡಲು ಮನೆಯಲ್ಲಿ ಜಾಗವಿಲ್ಲ. ಮಾಬುಸಾಬ ಪ್ರತಿ ಸರದಿಯಲ್ಲಿ ಎರಡು ಸಲ, ಹತ್ತು ಹತ್ತು ನಿಮಿಷ ಆ ವಾಲ್ವು ತೆರೆಯುತ್ತಿದ್ದ. ಉಳಿದ ಐದು ಮನೆಯವರು ಬಾಯಿ ಮುಚ್ಚಿಕೊಂಡು ಕೈ ಜೋಡಿಸಿದ್ದರು.

ದಾಕ್ಷಾಯಣವ್ವ ಚಹಾವನ್ನು ಮೇಜಿನ ಮೇಲೆ ಇಟ್ಟರು.

"ಅಂದ್ರ ನನ್ನ ಎರಡ ಕೊಡ ಅಲ್ಲಿಗೆ ಹೋಗ್ಯಾವು."

"ಹೂಂ."

"ಹೋಗ್ಲಿ ಬಿಡ್ರಿ. ಮೊದಲ ಹೇಳಿದ್ರ ಇಷ್ಟ ದಿನ ಸುಮ್ನ ಬೈತಿದ್ದಿಲ್ಲ ನಾನು."

ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಚೀಟಿಯಲ್ಲಿ ನಿಮಿಷಗಳನ್ನು ಅಚ್ಚು ಹಾಕಿದ್ದು ನಾವೇ. ಮುಂಚೆ ನಮ್ಮ ಓಣಿಯವರು ಬಂದಷ್ಟು ನೀರು ತುಂಬಿಕೊಂಡು ಸುಮ್ಮನಿರುತ್ತಿದ್ದರು. ಈಗ ಕಾಗದದ ಮೇಲೆ ಅರವತ್ತು ಎಂದು ಕಂಡ ಮೇಲೆ ಗಡಿಯಾರ ಹಿಡಿದು ಕೂತರು, ನಲವತ್ತು ಎಂದು ಎಣಿಸಿದರು, ವಾರ್ಡಿನ ಮೆಂಬರ್ ರುದ್ರಗೌಡರ ಮನೆಗೆ ಹೋದರು. ಎರಡು ದಿನದ ಮೇಲೆ ಪಾಲಿಶ್ ಮಾಡಿದ ಚಪ್ಪಲಿಯೊಂದು ನನ್ನ ಮುಂದೆ ಬಂದು ನಿಂತಿತು.

"ಕಂಪೌಂಡರ, ಇಪ್ಪತ್ತ ನಿಮಿಷ ನೀರು ಎಲ್ಲಿ ಹೊಕ್ಕಾವು?" ಎಂದರು ಗೌಡರು. "ಮಾಬುಸಾಬ ಯಾರಿಗೋ ಬಿಡಾಕತ್ಯಾನ. ಬಾಯಿಲೆ ಹೇಳಿದ್ರ ಪುರಸಭೆ ಎಂಜಿನಿಯರ್ ಸಾಹೇಬ್ರು ಕೇಳೂದಿಲ್ಲ. ನಿಮ್ಮ ಕಂಪ್ಯೂಟರ್ ಕಾಗದ ಇಟ್ರ ಕೇಳ್ತಾರ. ಇಷ್ಟ ದಿನದ್ದೆಲ್ಲಾ ತಗದು ಕೊಡ್ರಿ. ನಾಳೆ ಮುಂಜಾನೆ ಬರ್ತೇನಿ."

ಕಂಪೌಂಡರರು ಏನೋ ಹೇಳಲು ಹೊರಟರು. ಗೌಡರು ಮುಂದುವರಿಸಿದರು.

"ಕೆಳಗ ನಿಮ್ಮ ಹೆಸರ ಹಾಕ್ರಿ ಮತ್ತ. ಅವನ ತಗದು ಬ್ಯಾರೇದಾವನ್ನ ಹಾಕೂಣು. ಆಮ್ಯಾಲ ಒಂದ ವಾರ್ಡ್ ಯಾಕ, ಇಡೀ ಊರಿಗೆ ನಿಮ್ಮ ಚೀಟಿನ ಹಚ್ಚಸೂಣು. ಪುರಸಭೆ ಬೋರ್ಡಿನ ಮ್ಯಾಲ."

ಆರು ವರ್ಷ, ನಲವತ್ತು ಪ್ರೋಗ್ರಾಮು, ಯಾರೂ ಬೇಡದ ಸಂಜೆಗಳು. ಗೌಡರು ಹೋದ ಮೇಲೂ ಕಂಪೌಂಡರರ ಪಾದಗಳು ನೆಲದ ಮೇಲೆ ಬಹಳ ಹೊತ್ತು ಅಲುಗಾಡಲಿಲ್ಲ.

ಇನ್ನೂ ಬೆಳಕಿರುವಾಗಲೇ ಮಾಬುಸಾಬ ಬಂದ. ಚಾವಿಯನ್ನು ಹೊರಗೆ ಗೋಡೆಗೆ ಒರಗಿಸಿ ಹೊಸ್ತಿಲ ಹತ್ತಿರ ನಿಂತ.

"ಸಾಹೇಬ್ರ, ನಿಮ್ಮ ಮಷೀನು ನನ್ನ ಹೆಸರು ಹೇಳತೈತೇನ್ರಿ?"

"ಅದಕ್ಕ ನಿನ್ನ ಹೆಸರ ಗೊತ್ತಿಲ್ಲೋ ಮಾಬು. ನಿಮಿಷ ಅಷ್ಟ ಗೊತ್ತು." ಕಂಪೌಂಡರರು ಕೇಳಿದರು, "ಗೌಡ್ರ ಮುಂದ ಖರೇ ಹೇಳಿದ್ರ ಆಗೂದಿಲ್ಲೇನು? ಅವರೂ ಮನಷ್ಯಾರ ಅಲ್ಲ?"

"ಹೇಳಬೌದ್ರಿ. ಹೇಳಿದ್ರ ಹದಿನಾಲ್ಕೂ ಓಣ್ಯಾಗಿನ ಬ್ಯಾನಿ ಮಂದಿ ಎಲ್ಲಾ ಬರ್ತಾರ. ಎಲ್ಲಾರಿಗೂ ಬಿಡಾಕ ಟ್ಯಾಂಕ್ನ್ಯಾಗ ನೀರ್ ಎಲ್ಲಿ ಐತಿ? ಹೇಳದ ಇದ್ರ ಒಬ್ಬಾಕಿಗರ ಸಿಗತಾವು. ತಪ್ಪಂದ್ರ ತಪ್ಪ ಹೌದ್ರಿ. ನಾ ಇಲ್ಲ ಅನ್ನೂದಿಲ್ಲ."

"ಕೂಡು, ಚಾ ಕುಡಿ," ಎಂದರು ದಾಕ್ಷಾಯಣವ್ವ. ಅವನು ಕೂಡಲಿಲ್ಲ. ನಿಂತೇ ಕುಡಿದು ಹೋದ.

ಕಂಪೌಂಡರರು ನನ್ನನ್ನು ಚಾಲೂ ಮಾಡಿದರು. ಇಡೀ ಪ್ರೋಗ್ರಾಮಿನಲ್ಲಿ ಟ್ಯಾಂಕಿನ ಅಳತೆ ಇದ್ದದ್ದು ಒಂದೇ ಸಾಲಿನಲ್ಲಿ. ಎಂಟುನೂರಾ ನಲವತ್ತು ನಿಮಿಷ. ಅದನ್ನು ಅಳಿಸಿ ಎಂಟುನೂರಾ ಇಪ್ಪತ್ತು ಎಂದು ಬರೆದರು. ಅದರ ಮೇಲೆ ಇನ್ನೊಂದು ಸಾಲು ಸೇರಿಸಿದರು. ಬರೆದವರು ತಮಗಾಗಿ ಇಟ್ಟುಕೊಳ್ಳುವ ಇಂಥ ಸಾಲುಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ದಾಟಿ ಹೋಗಬೇಕು, ಅದು ನಮ್ಮ ಕುಲದ ಕಟ್ಟಳೆ. ದಾಟಿಯೇ ಹೋದೆ. ಆದರೂ ಏನು ಬರೆದಿತ್ತೆಂದು ಬಲ್ಲೆ: "ಇದು ತಪ್ಪಲ್ಲ. ಮುಟ್ಟಬಾರದು."

ಮರುದಿನ ಗೌಡರು ಕಾಗದ ಹಿಡಿದು ನೋಡಿದರು.

"ಇದರಾಗ ನಿಮ್ಮ ಓಣಿಗೆ ನಲವತ್ತ ಐತಲ್ರಿ. ಮೊನ್ನಿ ತನಕ ಅರವತ್ತಿತ್ತು."

"ಟ್ಯಾಂಕಿನ ಅಳತಿ ತಪ್ಪ ಹಿಡದಿದ್ದೆ. ತಳದಾಗ ಹೂಳ ಕುಂತಿರತೈತಿ, ಅದನ್ನ ಕಳೀಬೇಕಾಗಿತ್ತು, ಕಳದಿದ್ದಿಲ್ಲ. ಟ್ಯಾಂಕ್ನ್ಯಾಗ ಇರೂದ ಅಷ್ಟ ನೀರು. ಮಾಬುಸಾಬಂದ ಏನೂ ಇಲ್ಲ. ತಪ್ಪ ನಂದು."

ಗೌಡರು ಜೋರಾಗಿ ನಕ್ಕರು. ಹೊರಗೆ ನಿಂತಿದ್ದ ನಾಲ್ಕು ಮಂದಿಗೂ ಕೇಳಲಿ ಎಂಬ ನಗು. "ಟ್ಯಾಂಕ್ ಎಷ್ಟ ದೊಡ್ಡದು ಅಂತ ಗೊತ್ತಾಗಾಕ ಇಷ್ಟ ದಿನ ಬೇಕಾತೇನ್ರಿ? ದನಕ್ಕ ಸೂಜಿನರ ಬರೋಬ್ಬರಿ ಹಾಕ್ತೀರೋ ಇಲ್ಲೋ?"

"ಅದನ್ನ ದನಾನ ಕೇಳಬೇಕ್ರಿ," ಎಂದರು ಕಂಪೌಂಡರರು. ಅವರೂ ನಕ್ಕರು. ಅವರ ಪಾದ ಮಾತ್ರ ಕುರ್ಚಿಯ ಕಾಲನ್ನು ಬಿಗಿಯಾಗಿ ಸುತ್ತಿಕೊಂಡಿತ್ತು.

ಆ ಮಾತು ಗಿರಣಿ ಮುಟ್ಟಲು ಅರ್ಧ ದಿನ ಸಾಕಾಯಿತು. ಒಮ್ಮೆ ತಪ್ಪು ಎಂದು ಒಪ್ಪಿಕೊಂಡ ಲೆಕ್ಕವನ್ನು ಯಾರು ನಂಬುತ್ತಾರೆ? ಮುಂದಿನ ಚೀಟಿಯ ಮೇಲೆ ಯಾರೋ ಕತ್ತೆಯ ಚಿತ್ರ ಬರೆದರು. ಅದರ ಮುಂದಿನದನ್ನು ಗಿರಣಿಯವನೇ ಕಿತ್ತು ಗಲ್ಲೆ ಒರೆಸಿದ. ಬಸ್ಸಿನಲ್ಲಿ, ದವಾಖಾನೆಯಲ್ಲಿ, "ಏನ್ರೀ ಕಂಪೌಂಡರ, ಇವತ್ತ ನಿಮ್ಮ ಕಂಪ್ಯೂಟರ್ ಪ್ರಕಾರ ಯಾವ ವಾರ?" ಎಂದು ಕೇಳುವುದು ಮಂದಿಗೆ ಚಟವಾಯಿತು. ಕಂಪೌಂಡರರು ವಾರ ಹೇಳಿ ಮುಂದೆ ಹೋಗುತ್ತಿದ್ದರು. ಆಮೇಲೆ ಹೊಸ ಪ್ರೋಗ್ರಾಮು ಬರೆಯುವುದು ಕಡಿಮೆಯಾಯಿತು. ನೀರಿನ ಲೆಕ್ಕವನ್ನು ಮಾತ್ರ ಪ್ರತಿ ಸರದಿಗೂ ಹಾಕುತ್ತಿದ್ದರು. ಚೀಟಿ ಅಚ್ಚು ಹಾಕುತ್ತಿರಲಿಲ್ಲ. ನಾನು ಹೇಳಿದ ನಿಮಿಷಕ್ಕೆ ಸರಿಯಾಗಿ ನಳ ನಿಲ್ಲುತ್ತಿತ್ತು. ಅದು ಗೊತ್ತಿದ್ದದ್ದು ಈ ಮನೆಯ ಇಬ್ಬರಿಗೆ, ಮತ್ತೆ ನನಗೆ.

ಎರಡು ವರ್ಷದ ಮೇಲೆ ಒಂದು ಸೋಮವಾರ ಗೌರವ್ವನ ಗಂಡ ತೀರಿಕೊಂಡ. ಕಂಪೌಂಡರರು ಮಣ್ಣಿಗೆ ಹೋಗಿ ಬಂದರು. ಮುಂದಿನ ವಾರ ನಮ್ಮ ಓಣಿಯ ಸರದಿ. ಗಡಿಯಾರದಲ್ಲಿ ನಲವತ್ತು ನಿಮಿಷ ಆಗುತ್ತಲೇ ದಾಕ್ಷಾಯಣವ್ವ ರೂಢಿಯಂತೆ ಕೊಡವನ್ನು ನಳದ ಕೆಳಗಿನಿಂದ ಎಳೆದುಕೊಂಡರು. ನೀರು ನಿಲ್ಲಲಿಲ್ಲ. ಬರಿಯ ಕಲ್ಲಿನ ಮೇಲೆ ಬೀಳುತ್ತಲೇ ಇತ್ತು. ಆ ಸಪ್ಪಳ ಮೇಜಿನ ಕೆಳಗೆ ನನಗೂ ಕೇಳಿಸುತ್ತಿತ್ತು. ಅವರು ಕೊಡ ಹಿಡಿದುಕೊಂಡೇ ನಿಂತಿದ್ದರು, ಕಂಪೌಂಡರರು ಬಾಗಿಲಲ್ಲಿ ನಿಂತಿದ್ದರು. ಒಂದು ನಿಮಿಷದ ಮೇಲೆ ದಾಕ್ಷಾಯಣವ್ವ ಕೊಡವನ್ನು ತಿರುಗಿ ಇಟ್ಟರು. ಹಂಡೆ ತುಂಬಿತು. ಖಾಲಿ ಇರುತ್ತಿದ್ದ ಎರಡು ಕೊಡಗಳೂ ತುಂಬಿದವು. ಅವೆರಡನ್ನೂ ಎತ್ತಿಕೊಂಡು ಅವರು ಗಾಣಿಗೇರ ಓಣಿಯ ಕಡೆಗೆ ನಡೆದರು. ಸಾವಿನ ಮನೆ, ಮಂದಿ ಬಂದಿರುತ್ತಾರೆ, ನೀರು ಬೇಕಾಗುತ್ತದೆ.

ತಿರುಗಿ ಬಂದಾಗ ಕಂಪೌಂಡರರು ನನ್ನ ಮುಂದೆ ಆ ಸಾಲನ್ನು ತೆರೆದು ಕೂತಿದ್ದರು.

"ತಿದ್ದೂದಿಲ್ಲೇನ್ರಿ?" ಎಂದರು ದಾಕ್ಷಾಯಣವ್ವ. "ಈಗ ನಿಮ್ಮ ಮೊದಲಿನ ಲೆಕ್ಕಾನ ಖರೇ ಆತಲ್ಲ. ಗಿರಣ್ಯಾಗ ಹೋಗಿ ಹಚ್ರಿ. ನಕ್ಕಾವ್ರು ನೋಡ್ಲಿ."

ಕಂಪೌಂಡರರು ಕೀಲಿಯ ಮೇಲಿಂದ ಬೆರಳು ತೆಗೆದರು.

"ಇರಲಿ ಬಿಡು," ಎಂದರು. "ನೋಡೂಣು."

ಈಗ ನಾನು ಕಾಳಿನ ಡಬ್ಬಿಗಳ ಪಕ್ಕ, ಮೂಲೆಯಲ್ಲಿದ್ದೇನೆ. ಪರದೆ ಎಂದೋ ಗುಜರಿಗೆ ಹೋಯಿತು, ಪ್ರಿಂಟರೂ ಹೋಯಿತು. ನನ್ನ ಬೋರ್ಡಿನ ಮೇಲಿನ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಗಳು ಉಬ್ಬಿವೆ. ಕಂಪೌಂಡರರು ನಿವೃತ್ತರಾದರು, ಕಣ್ಣು ಮಂದ, ನನ್ನ ಒಂದೆರಡು ಸ್ಕ್ರೂ ಬಿಚ್ಚಿ ಕಿಟಕಿಗೆ ಹಾಕಿಕೊಂಡಿದ್ದಾರೆ. ನನಗೆ ಬೇಸರವಿಲ್ಲ. ದಣಿವಿದೆ, ಅಷ್ಟೇ. ಒಂದೇ ಲೆಕ್ಕವನ್ನು ಅಷ್ಟು ಸಲ ಮಾಡಿದವನಿಗೆ ದಣಿವು ಇರುವುದೇ.

ಅಂದಿನ ಆ ಪೂರ್ತಿ ತಾಸಿನ ನೀರು ಎರಡೇ ಸರದಿ ಬಂತು. ಮೂರನೆಯ ಸರದಿಯಲ್ಲಿ ನಳ ತಿರುಗಿ ನಲವತ್ತಕ್ಕೇ ಉಸ್ಸೆಂದು ನಿಂತಿತು. ದಾಕ್ಷಾಯಣವ್ವ ಅರ್ಧ ತುಂಬಿದ ಹಂಡೆಯ ಮೇಲೆ ಮುಚ್ಚಳ ಎಳೆದರು.

"ಯಾರ ಮನಿಗ್ರೀ ಈಗ?"

"ಗೊತ್ತಿಲ್ಲ," ಎಂದರು ಕಂಪೌಂಡರರು. "ಕೇಳೂದ ಬ್ಯಾಡ."